ಎರವಲು ಟ್ರಂಪೆಟ್ಟಿನ ಮೇಲೊಂದು ಗೀರು

ಎರವಲು ತಂದ ಹಿತ್ತಾಳೆ ವಾದ್ಯಕ್ಕೆ ಸಣ್ಣ ಗೀರು ಬಿದ್ದರೆ ನಾದ ಕೆಡದು. ಗುಟ್ಟಾಗಿ ಉಜ್ಜಿ ಅಳಿಸಹೊರಟರೆ ಮಾತ್ರ ವಾದ್ಯವೂ ಕೆಟ್ಟೀತು, ಕೊಟ್ಟವರ ನಂಬಿಕೆಯೂ ಕೆಟ್ಟೀತು.

ಆಗಸ್ಟ್ ಹತ್ತಿರವಾಗುತ್ತಿದ್ದಂತೆ ಶಾಲಾ ಮೈದಾನಗಳಲ್ಲಿ ಬ್ಯಾಂಡಿನ ತಾಲೀಮು ಶುರುವಾಗುತ್ತದೆ. ಸ್ವಾತಂತ್ರ್ಯೋತ್ಸವ ಮುಗಿದರೆ ದಸರಾ ಮೆರವಣಿಗೆ, ಆಮೇಲೆ ರಾಜ್ಯೋತ್ಸವ, ಮದುವೆಯ ಮುಹೂರ್ತಗಳು, ಕರಾವಳಿಯಲ್ಲಿ ಚರ್ಚಿನ ಹಬ್ಬಗಳು, ಜನವರಿಗೆ ಗಣರಾಜ್ಯೋತ್ಸವ. ಈ ತಿಂಗಳುಗಳಲ್ಲಿ ಹಿತ್ತಾಳೆ ವಾದ್ಯಗಳಿಗೆ ಬಿಡುವಿಲ್ಲ. ಅವು ಒಬ್ಬರ ಕೈಯಲ್ಲೇ ಉಳಿಯುವುದೂ ಇಲ್ಲ. ಶಾಲೆಯ ಟ್ರಂಪೆಟ್ಟು ರಜೆಯಲ್ಲಿ ವಿದ್ಯಾರ್ಥಿಯ ಮನೆಗೆ ಹೋಗುತ್ತದೆ. ಒಂದು ತಂಡದ ಯೂಫೋನಿಯಂ ಇನ್ನೊಂದು ತಂಡದ ಕಾರ್ಯಕ್ರಮಕ್ಕೆ ಹೋಗಿಬರುತ್ತದೆ. ಗುರುಗಳ ಹಳೆಯ ಟ್ರೊಂಬೋನಿನಲ್ಲಿ ಶಿಷ್ಯ ಮೊದಲ ಸ್ವರ ಹಿಡಿಯುತ್ತಾನೆ.

ಹೀಗೆ ಕೈ ಬದಲಾಯಿಸುವ ವಾದ್ಯಕ್ಕೆ ಇಂದಲ್ಲ ನಾಳೆ ಗೀರು ಬಿದ್ದೇ ಬೀಳುತ್ತದೆ. ಬೆಲ್ಟಿನ ಬಕಲ್ ತಾಗುತ್ತದೆ, ಬಳೆ ಉಜ್ಜುತ್ತದೆ, ಪೆಟ್ಟಿಗೆಯೊಳಗೆ ಬಿಡಿಯಾಗಿ ಬಿಟ್ಟ ಮೌತ್‌ಪೀಸ್ ದಾರಿಯುದ್ದಕ್ಕೂ ಉರುಳಾಡಿ ಗೆರೆ ಎಳೆಯುತ್ತದೆ. ಸ್ವಂತದ್ದಾದರೆ ಎರಡು ದಿನಕ್ಕೆ ಮರೆತುಬಿಡುವಂಥ ಗೀರು, ಎರವಲು ವಾದ್ಯದ ಮೇಲೆ ಕಂಡಾಗ ಎದೆ ಝಲ್ಲೆನ್ನುತ್ತದೆ. ಆ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚಿ ತಿಕ್ಕುವುದೇ ಗಾಯದ ಮೇಲೆ ಬರೆ ಎಳೆಯುವ ಕೆಲಸ. ಆದ್ದರಿಂದ ಗೀರು ಕಂಡ ಕೂಡಲೇ ತಿಳಿಯಬೇಕಾದದ್ದು ಎರಡು: ಅದು ಯಾವುದರ ಮೇಲೆ, ಎಲ್ಲಿ ಬಿದ್ದಿದೆ ಎಂಬುದು ಮೊದಲನೆಯದು. ಅದರ ಬಗ್ಗೆ ತೀರ್ಮಾನ ಮಾಡುವ ಹಕ್ಕು ಯಾರದು ಎಂಬುದು ಎರಡನೆಯದು.

ಹೊಳೆಯುವುದೆಲ್ಲ ಹಿತ್ತಾಳೆಯಲ್ಲ

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ವಾದ್ಯಗಳಿಗೆ ಹೆಚ್ಚಾಗಿ ಬಳಸುವ ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ತಾಮ್ರ 85 ಪಾಲಿಗೇರಿದರೆ ಬಣ್ಣ ಚಿನ್ನದತ್ತ ತಿರುಗುತ್ತದೆ, 90ಕ್ಕೇರಿದರೆ ಕೆಂಪಾಗುತ್ತದೆ. ಟ್ರಂಪೆಟ್ಟಿನ ಕೊಳವೆಯನ್ನು ಬಿಡಿಸಿ ನೇರ ಮಾಡಿದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಉದ್ದ. ಅದರ ಗೋಡೆಯ ದಪ್ಪವಾದರೋ ಅರ್ಧ ಮಿಲಿಮೀಟರಿನ ಆಸುಪಾಸು.

ಆದರೆ ಕಣ್ಣಿಗೆ ಕಾಣುವ ಹೊಳಪು ಬಹಳಷ್ಟು ಸಲ ಹಿತ್ತಾಳೆಯ ಮೈಯದಾಗಿರುವುದಿಲ್ಲ. ಹೆಚ್ಚಿನ ವಾದ್ಯಗಳಿಗೆ ಪಾರದರ್ಶಕವಾದ ಲ್ಯಾಕರ್ ಬಳಿದಿರುತ್ತಾರೆ. ಗಾಳಿಯ ತೇವ ಮತ್ತು ಬೆವರಿನ ಉಪ್ಪು ಲೋಹವನ್ನು ಮುಟ್ಟದಂತೆ ಕಾಯುವುದು ಇದೇ. ಕೂದಲೆಳೆಗಿಂತ ತೆಳುವಾದ ಈ ಪದರವನ್ನು ಹಿಂದೆ ನೈಟ್ರೊಸೆಲ್ಯುಲೋಸಿನಿಂದ ಮಾಡುತ್ತಿದ್ದರು, ಈಗ ಎಪಾಕ್ಸಿ, ಅಕ್ರಿಲಿಕ್‌ಗಳು ಬಂದಿವೆ. ಇನ್ನು ಕೆಲವಕ್ಕೆ ಬೆಳ್ಳಿಯ ಅಥವಾ ನಿಕ್ಕಲ್ಲಿನ ಲೇಪನ. ಅದು ಲ್ಯಾಕರಿಗಿಂತಲೂ ತೆಳು. ಯಾವ ಲೇಪನವೂ ಇಲ್ಲದ ಬರಿ ಹಿತ್ತಾಳೆಯ ವಾದ್ಯಗಳೂ ಉಂಟು. ಬೀದಿಯಲ್ಲಿ ದುಡಿಯುವ ಬ್ಯಾಂಡುಗಳ ಕೈಯಲ್ಲಿ ಲ್ಯಾಕರ್ ಸವೆದು ಬರಿ ಲೋಹ ಕಾಣುವ ವಾದ್ಯಗಳು ಸಾಮಾನ್ಯ.

ಸ್ಯಾಕ್ಸೊಫೋನನ್ನೂ ಇಲ್ಲಿಗೇ ಸೇರಿಸಿಕೊಳ್ಳಬೇಕು. ರೀಡ್ ಎಂಬ ತೆಳು ಪಟ್ಟಿಯಿಂದ ನುಡಿಯುವ ಕಾರಣ ಸಂಗೀತಶಾಸ್ತ್ರದ ಲೆಕ್ಕದಲ್ಲಿ ಅದು ಮರದ ವಾದ್ಯಗಳ ಗುಂಪಿನದು. ಮೈ ಮಾತ್ರ ಹಿತ್ತಾಳೆಯದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ನಾಗಸ್ವರ ಮನೆತನದ ಹುಡುಗ ಕದ್ರಿ ಗೋಪಾಲನಾಥ್ (1949–2019), ಮುಂದೆ ಅದಕ್ಕೆ ಕರ್ನಾಟಕ ಸಂಗೀತದ ಗಮಕ ಕಲಿಸಿದರು. ಇವತ್ತು ದಕ್ಷಿಣ ಕನ್ನಡದ ದೇವಸ್ಥಾನಗಳ ಉತ್ಸವದಲ್ಲಿ, ಮದುವೆ ಮಂಟಪಗಳಲ್ಲಿ ಸ್ಯಾಕ್ಸೊಫೋನ್ ಕೇಳದೆ ಇರುವುದಿಲ್ಲ. ಗೀರಿನ ಮಟ್ಟಿಗೆ ಅದಕ್ಕೂ ಟ್ರಂಪೆಟ್ಟಿಗೂ ಒಂದೇ ನಿಯಮ.

ಉಗುರಿನ ಪರೀಕ್ಷೆ

ಗೀರು ಕಂಡರೆ ಮೊದಲು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ ನೋಡಿ. ಕುರ್ಚಿಯ ಕಾಲಿನ ರಬ್ಬರು, ಗೋಡೆಯ ಸುಣ್ಣ, ಬಾಗಿಲಿನ ಪೇಂಟು ಅಂಟಿಕೊಂಡು ಗೀರಿನ ಹಾಗೆ ಕಾಣುವುದುಂಟು. ಒರೆಸಿದರೆ ಅದು ಹೋಗುತ್ತದೆ.

ಹೋಗಲಿಲ್ಲವೆಂದರೆ ಗೀರಿಗೆ ಅಡ್ಡವಾಗಿ ಉಗುರನ್ನು ಹಗುರಾಗಿ ಸರಿಸಿ. ಎಲ್ಲೂ ತಡೆಯದೆ ಜಾರಿದರೆ ಅದು ಲ್ಯಾಕರಿನ ಮೇಲ್ಮೈಯಲ್ಲೇ ನಿಂತ ಗೆರೆ. ಬೆಳಕಿಗೆ ಹಿಡಿದಾಗ ಮಾತ್ರ ಕಾಣುತ್ತದೆ, ಅದರಿಂದ ಮುಂದೆಯೂ ತೊಂದರೆಯಿಲ್ಲ. ಉಗುರು ಸಿಕ್ಕಿಕೊಂಡರೆ ಲ್ಯಾಕರ್ ಹರಿದು ಲೋಹ ತೆರೆದುಕೊಂಡಿರಬಹುದು. ಹೊಸದರಲ್ಲಿ ಆ ಗೆರೆ ಸುತ್ತಲಿನದಕ್ಕಿಂತ ಹೆಚ್ಚು ಮಿನುಗುತ್ತದೆ, ದಿನ ಕಳೆದಂತೆ ಕಂದಾಗುತ್ತದೆ. ಉಪ್ಪುಗಾಳಿಯ ಮಂಗಳೂರು, ಕಾರವಾರಗಳಲ್ಲಿ ಇದು ಬೇಗ, ಒಣಹವೆಯ ಬಯಲುಸೀಮೆಯಲ್ಲಿ ನಿಧಾನ. ಇಂಥ ಜಾಗ ತೇವದಲ್ಲೇ ಉಳಿದರೆ ಹಸಿರು ಕಿಲುಬು ಹಿಡಿಯುತ್ತದೆ.

ಗೀರೆಂದುಕೊಂಡು ಇನ್ನೊಂದನ್ನು ಕಡೆಗಣಿಸಬಾರದು. ಬಾಯಿಗೆ ಹತ್ತಿರದ ಕೊಳವೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳು, ಒಂದೊಂದರ ನಡುವೆ ಕಪ್ಪು ಬಿಂದು ಕಂಡರೆ ಅದು ಹೊರಗಿನ ಪೆಟ್ಟಲ್ಲ. ಉಸಿರಿನ ತೇವ, ಎಂಜಲು ಒಳಗೇ ನಿಂತು ಹಿತ್ತಾಳೆಯಿಂದ ಸತು ಕರಗಿಹೋಗಿ, ತಾಮ್ರ ಮಾತ್ರ ಉಳಿದಾಗ ಹೀಗಾಗುತ್ತದೆ. ಅಲ್ಲಿ ಲೋಹ ಒಳಗಿನಿಂದ ಟೊಳ್ಳಾಗುತ್ತಾ ಬಂದಿರುತ್ತದೆ. ಅದು ವರ್ಷಗಳ ಕೆಲಸ, ಮೊನ್ನೆ ಎರವಲು ತಂದವರ ತಪ್ಪಲ್ಲ. ಆದರೂ ಒಡೆಯರಿಗೆ ತಿಳಿಸಲೇಬೇಕಾದ ಸಂಗತಿ.

ನಾದಕ್ಕೇನಾಗುತ್ತದೆ?

ಟ್ರಂಪೆಟ್ಟಿನಲ್ಲಿ ಮೊದಲು ಕಂಪಿಸುವುದು ವಾದಕರ ತುಟಿ. ಆ ಕಂಪನ ಕೊಳವೆಯೊಳಗಿನ ಗಾಳಿಯ ಕಂಬವನ್ನು ನುಡಿಸುತ್ತದೆ. ಸ್ವರ ಎಷ್ಟು ಎತ್ತರ, ಎಷ್ಟು ಶುದ್ಧ ಎಂಬುದನ್ನು ಬಹುಪಾಲು ನಿರ್ಧರಿಸುವುದು ಆ ಗಾಳಿಯ ಕಂಬದ ಉದ್ದ ಮತ್ತು ಆಕಾರ. ಹೊರಮೈಯ ಮೇಲಿನ ಗೀರು ಒಳಗಿನ ಆಕಾರವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ನಾದದಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ.

ನೆಗ್ಗಿನ ವಿಷಯ ಬೇರೆ. ನೆಗ್ಗಿದ ಕಡೆ ಕೊಳವೆ ಒಳಗೂ ಕಿರಿದಾಗುತ್ತದೆ. ಕೊಳವೆಯ ತುದಿಯಲ್ಲಿ ಅಗಲವಾಗಿ ತೆರೆದುಕೊಳ್ಳುವ ಬೆಲ್ಲಿನ ಅಂಚಿನಲ್ಲಿ ಸಣ್ಣ ನೆಗ್ಗಿದ್ದರೆ ಕಿವಿಗೆ ಗೊತ್ತಾಗದಿರಬಹುದು. ಮೌತ್‌ಪೀಸಿನ ಪಕ್ಕದ ಕಿರಿದಾದ ಕೊಳವೆಯಲ್ಲಿ ಅಷ್ಟೇ ನೆಗ್ಗಿದ್ದರೂ ಕೆಲವು ಸ್ವರಗಳು ಜಾರುತ್ತವೆ, ಊದುವುದು ಬಿಗಿಯಾಗುತ್ತದೆ.

ಗೀರು ಚಿಕ್ಕದೇ ಆದರೂ ಉದಾಸೀನ ಮಾಡಬಾರದ ಜಾಗಗಳು ಮೂರು. ಒಂದು, ಮೌತ್‌ಪೀಸಿನ ಅಂಚು. ತುಟಿ ಒತ್ತುವ ಜಾಗವಾದ್ದರಿಂದ ಅಲ್ಲಿನ ಸಣ್ಣ ತರಚೂ ಚುಚ್ಚುತ್ತದೆ. ಬೆಳ್ಳಿ ಸವೆದು ಹಿತ್ತಾಳೆ ಕಂಡರೆ ಕೆಲವರ ತುಟಿಗೆ ಉರಿ ಬರುತ್ತದೆ. ಎರಡು, ಬೆರಳಿನಿಂದ ಒತ್ತುವ ವಾಲ್ವಿನ ಪಿಸ್ಟನ್. ಪಿಸ್ಟನ್ನಿಗೂ ಅದರ ಕವಚಕ್ಕೂ ನಡುವಿನ ಅಂತರ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅಲ್ಲಿ ಒಂದು ಮರಳಿನ ಕಣ ಕೂತರೂ ವಾಲ್ವ್ ಕಚ್ಚಿಕೊಳ್ಳುತ್ತದೆ. ಮೂರು, ಟ್ರೊಂಬೋನಿನ ಒಳ ಸ್ಲೈಡು. ಅದರ ಮೇಲಿನ ಗೀರು ಸ್ಲೈಡಿನ ಪ್ರತಿ ಜಾರಿಕೆಯಲ್ಲೂ ಕೈಗೆ ಗೊತ್ತಾಗುತ್ತದೆ. ಈ ಮೂರು ಕಡೆ ಗೀರು ಬಿದ್ದಿದ್ದರೆ ನುಡಿಸುವುದನ್ನು ನಿಲ್ಲಿಸಿ, ಬಲವಂತ ಮಾಡದೆ, ವಾದ್ಯ ರಿಪೇರಿ ಬಲ್ಲವರಿಗೇ ತೋರಿಸಬೇಕು.

ಹುಣಸೆಹಣ್ಣು ಬೇಡ, ಬೂದಿಯೂ ಬೇಡ

ಹಿತ್ತಾಳೆ ಬೆಳಗುವುದು ನಮ್ಮ ಮನೆಗಳಿಗೆ ಹೊಸದಲ್ಲ. ಹಬ್ಬದ ಹಿಂದಿನ ದಿನ ದೀಪದ ಕಂಬ, ಕೊಳದಪ್ಪಲೆ, ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೂದಿಯಲ್ಲಿ ಉಜ್ಜಿ ಫಳಫಳ ಮಾಡುವ ಮನೆಗಳು ಈಗಲೂ ಇವೆ. ಇದರ ಹಿಂದಿನ ರಸಾಯನಶಾಸ್ತ್ರ ಸರಿಯಾದದ್ದೇ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕಪ್ಪುಗಟ್ಟಿದ ಆಕ್ಸೈಡನ್ನು ಕರಗಿಸುತ್ತದೆ, ಬೂದಿ ನವಿರಾಗಿ ಕೆರೆಯುತ್ತದೆ, ಒಳಗಿನ ಹೊಸ ಲೋಹ ಮೇಲೆ ಬರುತ್ತದೆ. ಗಟ್ಟಿ ಗೋಡೆಯ ಪಾತ್ರೆಗೆ ತಲೆತಲಾಂತರ ಇದನ್ನೇ ಮಾಡಿದರೂ ಏನೂ ಆಗುವುದಿಲ್ಲ.

ಅದೇ ಕೈ ಎರವಲು ಟ್ರಂಪೆಟ್ಟಿನ ಕಡೆ ಹೋದಾಗ ಅನಾಹುತವಾಗುತ್ತದೆ. ಲ್ಯಾಕರಿನ ಮೇಲೆ ಬಿದ್ದ ಗೀರನ್ನು ಉಜ್ಜಿ ತೆಗೆಯಲು ಬರುವುದಿಲ್ಲ. ಉಜ್ಜಿದಷ್ಟೂ ಸುತ್ತಲಿನ ಲ್ಯಾಕರ್ ಹೋಗಿ, ಗೆರೆಯಿದ್ದ ಕಡೆ ಅಂಗೈಯಗಲದ ಮಂಕು ಮೂಡುತ್ತದೆ. ಟೂತ್‌ಪೇಸ್ಟ್, ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು, ಪಾತ್ರೆ ಹೊಳೆಯಿಸುವ ಪುಡಿ, ಲೋಹದ ಪಾಲಿಶು, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಬೆಳ್ಳಿ ಲೇಪನದ ಮೇಲಾದರೆ ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಬೆಳ್ಳಿಯೇ ಹೋಗುತ್ತದೆ.

ಲೋಹದ ಪಾಲಿಶ್ ದ್ರವಗಳಲ್ಲಿ ಹಲವಕ್ಕೆ ಅಮೋನಿಯಾ ಸೇರಿಸಿರುತ್ತಾರೆ. ಅಮೋನಿಯಾ ಮತ್ತು ಹಿತ್ತಾಳೆಯ ಹಗೆತನದ ಕಥೆ ಭಾರತದ್ದೇ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಮುಗಿಯುವವರೆಗೆ ಸೈನ್ಯದ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿದ್ದರು. ತೆಗೆದು ನೋಡಿದರೆ ಹಿತ್ತಾಳೆಯ ತೋಟಾಗಳು ಬಿರುಕು ಬಿಟ್ಟಿರುತ್ತಿದ್ದವು. ಮಳೆಗಾಲದಲ್ಲಿ ಬರುವ ರೋಗವೆಂದು ಇದಕ್ಕೆ ಋತು ಬಿರುಕೆಂಬ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳು ಕಾರಣ ವಿವರಿಸಿದರು: ಕುದುರೆಯ ಮೂತ್ರದಿಂದ ಎದ್ದ ಅಮೋನಿಯಾ, ಹಿಗ್ಗಿಸಿ ಎಳೆದು ಮಾಡಿದ ತೋಟಾದ ಲೋಹದಲ್ಲಿ ಉಳಿದಿದ್ದ ಬಿಗಿತದ ಜೊತೆ ಸೇರಿ ಬಿರುಕು ತರುತ್ತಿತ್ತು. ತೋಟಾದ ಹಿತ್ತಾಳೆಯೂ ಟ್ರಂಪೆಟ್ಟಿನ ಹಳದಿ ಹಿತ್ತಾಳೆಯೂ ಒಂದೇ ಅಳತೆಯವು, 70 ಪಾಲು ತಾಮ್ರ, 30 ಪಾಲು ಸತು. ಟ್ರಂಪೆಟ್ಟಿನ ಕೊಳವೆಯನ್ನೂ ಎಳೆದು, ಬಗ್ಗಿಸಿಯೇ ಮಾಡುವುದು. ಒಮ್ಮೆ ಪಾಲಿಶ್ ಹಚ್ಚಿದ ಮಾತ್ರಕ್ಕೆ ವಾದ್ಯ ಬಿರಿಯುತ್ತದೆಂದು ಹೆದರಬೇಕಿಲ್ಲ. ಆದರೆ ಬೆಸುಗೆಯ ಸಂದುಗಳಲ್ಲಿ ಪಾಲಿಶ್ ಉಳಿಯಬಾರದು. ಫಿನಾಯಿಲ್, ಅಮೋನಿಯಾ ಡಬ್ಬಗಳ ಜೊತೆಗೋ ಕೊಟ್ಟಿಗೆಯ ಮಗ್ಗುಲಿಗೋ ವಾದ್ಯ ಇಡಬಾರದು.

ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಶನ್ನು ಗೀರಿಗೆ ಬಳಿಯುವವರಿದ್ದಾರೆ. ಅದೂ ಒಂದು ಬಗೆಯ ನೈಟ್ರೊಸೆಲ್ಯುಲೋಸ್ ಲ್ಯಾಕರೇ. ಆದರೆ ತೇಪೆ ಎದ್ದು ಕಾಣುತ್ತದೆ. ಬೇಡವೆನಿಸಿ ಅಸಿಟೋನಿನಿಂದ ತೆಗೆಯಹೋದರೆ ಹಳೆಯ ವಾದ್ಯಗಳಲ್ಲಿ ಮೂಲ ಲ್ಯಾಕರೂ ಅದರೊಂದಿಗೇ ಕರಗಿಬರುತ್ತದೆ.

ಹಾಗಾದರೆ ಏನು ಮಾಡಬಹುದು?

ಯಾರನ್ನೂ ಕೇಳದೆ ಮಾಡಬಹುದಾದದ್ದು ಸ್ವಲ್ಪವೇ. ಮೆತ್ತನೆಯ ಒಣಬಟ್ಟೆಯಲ್ಲಿ, ಹಳೆಯ ಪಂಚೆಯ ತುಂಡು ಸಾಕು, ಬೆವರು ಒರೆಸುವುದು. ಜಿಡ್ಡಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೌಮ್ಯ ಸೋಪು ಬೆರೆಸಿ, ಬಟ್ಟೆ ಹಿಂಡಿ ಒರೆಸಿ, ತಕ್ಷಣ ಒಣಗಿಸುವುದು. ಬಿಸಿನೀರು ಬೇಡ, ಅದು ಲ್ಯಾಕರನ್ನು ಏಳಿಸುತ್ತದೆ. ಸ್ಯಾಕ್ಸೊಫೋನಿನ ಪ್ಯಾಡುಗಳಿಗೆ ನೀರು ಮುಟ್ಟಲೇಬಾರದು. ಆಮೇಲೆ ಒಳ್ಳೆಯ ಬೆಳಕಿನಲ್ಲಿ ಗೀರಿನ ಫೋಟೊ ತೆಗೆದು, ವಾಲ್ವ್, ಸ್ಲೈಡುಗಳು ಸರಾಗವಾಗಿವೆಯೇ ಎಂದು ನೋಡುವುದು. ಇಲ್ಲಿಗೆ ನಿಲ್ಲಿಸಬೇಕು.

ಒಡೆಯರ ಒಪ್ಪಿಗೆ ಸಿಕ್ಕ ಮೇಲೆ ಇನ್ನೊಂದು ಹೆಜ್ಜೆ ಇಡಬಹುದು. ಲೋಹ ಕಾಣುವ ಗೀರಿನ ಮೇಲೆ, ಕೆರೆಯುವ ಪುಡಿ ಬೆರೆಸದ ಮೇಣವನ್ನು ತೆಳುವಾಗಿ ಹಚ್ಚಿ ಒರೆಸಿದರೆ ತೇವ ತಡೆಯುತ್ತದೆ, ಗೆರೆಯೂ ಸ್ವಲ್ಪ ಮಾಸುತ್ತದೆ. ಬೆಳ್ಳಿ ಲೇಪನಕ್ಕೆ ಬೆಳ್ಳಿ ಒರೆಸುವ ಬಟ್ಟೆಯನ್ನು ಮಿತವಾಗಿ ಬಳಸಬಹುದು. ಬರಿ ಹಿತ್ತಾಳೆಯ ವಾದ್ಯವನ್ನು ಆ ತಂಡದವರು ಹೇಗೆ ಬೆಳಗುತ್ತಾರೋ ಹಾಗೆಯೇ ಬೆಳಗಬೇಕು.

ಪೂರ್ತಿ ಹೊಸ ಲ್ಯಾಕರ್ ಹಾಕಿಸಿಬಿಡೋಣ ಎಂಬ ಉದಾರ ಯೋಚನೆ ಬರುವುದುಂಟು. ಅದಕ್ಕೆ ಹಳೆಯ ಲ್ಯಾಕರನ್ನು ರಾಸಾಯನಿಕದಿಂದ ತೆಗೆದು, ಇಡೀ ವಾದ್ಯವನ್ನು ಬಫಿಂಗ್ ಚಕ್ರಕ್ಕೆ ಕೊಟ್ಟು ಮತ್ತೆ ಬಳಿಯಬೇಕು. ಚಕ್ರದಲ್ಲಿ ಲೋಹವೂ ಸವೆಯುತ್ತದೆ, ಬೆಲ್ಲಿನ ಮೇಲೆ ಕೆತ್ತಿದ ಹೆಸರು, ಹೂಬಳ್ಳಿ ಮಸುಕಾಗುತ್ತವೆ. ಹಳೆಯ ಒಳ್ಳೆಯ ವಾದ್ಯವನ್ನು ಕೊಳ್ಳುವವರು ಗೀರಿರುವ ಮೂಲ ಲ್ಯಾಕರಿಗೇ ಹೆಚ್ಚು ಬೆಲೆ ಕೊಡುತ್ತಾರೆ. ಒಂದು ಗೆರೆಗಾಗಿ ಮಾಡುವ ಕೆಲಸ ಇದಲ್ಲ.

ತೀರ್ಮಾನ ಒಡೆಯರದು

ಜಾಝ್ ಸಂಗೀತದ ಡಿಝಿ ಗಿಲೆಸ್ಪಿ ಅವರ ಟ್ರಂಪೆಟ್ಟಿನ ಬೆಲ್ಲು ಆಕಾಶ ನೋಡುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಅವರ ಪತ್ನಿಯ ಹುಟ್ಟುಹಬ್ಬ ನಡೆಯುತ್ತಿದ್ದಾಗ ಸ್ಟ್ಯಾಂಡಿನ ಮೇಲಿದ್ದ ವಾದ್ಯದ ಮೇಲೆ ಯಾರೋ ಬಿದ್ದು ಬೆಲ್ಲು ಮೇಲಕ್ಕೆ ಬಗ್ಗಿತು. ಅದನ್ನೇ ಊದಿ ನೋಡಿದ ಗಿಲೆಸ್ಪಿಗೆ ಆ ನಾದ ಹಿಡಿಸಿತು. ಮುಂದೆ 45 ಡಿಗ್ರಿ ಬಾಗಿದ ಬೆಲ್ಲಿನ ಟ್ರಂಪೆಟ್ಟನ್ನೇ ಮಾಡಿಸಿಕೊಂಡು ಬದುಕಿರುವವರೆಗೂ ನುಡಿಸಿದರು.

ಬಗ್ಗಿದ್ದನ್ನು ಚೆಂದವೆನ್ನಲು ಗಿಲೆಸ್ಪಿಗೆ ಅಧಿಕಾರವಿತ್ತು, ಏಕೆಂದರೆ ವಾದ್ಯ ಅವರದು. ಎರವಲು ತಂದವರಿಗೆ ಆ ಅಧಿಕಾರ ಇಲ್ಲ. ಗೀರನ್ನು ಹಾಗೇ ಬಿಡಬೇಕೆ, ಮೇಣ ಹಚ್ಚಬೇಕೆ, ಯಾವ ರಿಪೇರಿಯವರ ಹತ್ತಿರ ಹೋಗಬೇಕು ಎಂಬುದನ್ನು ಒಡೆಯರೇ ಹೇಳಬೇಕು. ಗುಟ್ಟಾಗಿ ರಿಪೇರಿ ಮಾಡಿಸಿ, ದುಡ್ಡೂ ತೆತ್ತು, ಏನೂ ಆಗದವರಂತೆ ಹಿಂತಿರುಗಿಸುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಡೆಯರಿಗೆ ಸೇರಿದ ತೀರ್ಮಾನವನ್ನು ಎರವಲು ತಂದವರು ತಾವೇ ತೆಗೆದುಕೊಂಡಿರುತ್ತಾರೆ.

1872ರ ಭಾರತೀಯ ಕರಾರು ಕಾಯಿದೆ ಕೂಡ ಈ ಸಂಬಂಧವನ್ನು ಯೋಚಿಸಿದೆ. ಎರವಲು ತಂದವರು ವಸ್ತುವನ್ನು, ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕೆಂದು ಅದರ 151ನೇ ಸೆಕ್ಷನ್ ಹೇಳುತ್ತದೆ. ಅಷ್ಟು ಜೋಪಾನ ಮಾಡಿಯೂ ಹಾನಿಯಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವರು ಹೊಣೆಯಲ್ಲ. ಇದು 152ನೇ ಸೆಕ್ಷನ್. ಕೊಟ್ಟ ಉದ್ದೇಶ ಬಿಟ್ಟು ಬೇರೆ ರೀತಿ ಬಳಸಿದ್ದರಿಂದ ಹಾನಿಯಾದರೆ ಮಾತ್ರ 154ನೇ ಸೆಕ್ಷನ್ನಿನ ಪ್ರಕಾರ ಹೊಣೆ ತಪ್ಪಿದ್ದಲ್ಲ. ಸ್ವಂತ ಸವಾರಿಗೆಂದು ತಂದ ಕುದುರೆಯನ್ನು ಮನೆಯವರಿಗೆ ಕೊಟ್ಟು, ಅವರು ಎಚ್ಚರದಿಂದಲೇ ಓಡಿಸಿದರೂ ಕುದುರೆ ಬಿದ್ದು ಪೆಟ್ಟಾದರೆ ತಂದವರೇ ಹೊಣೆ ಎಂಬ ಉದಾಹರಣೆಯನ್ನು ಕಾಯಿದೆಯೇ ಕೊಡುತ್ತದೆ. ನಿಮಗೆಂದು ಕೊಟ್ಟ ಟ್ರಂಪೆಟ್ಟನ್ನು ಗೆಳೆಯನಿಗೆ ದಾಟಿಸುವ ಮುನ್ನ ಇದು ನೆನಪಿರಲಿ.

ಗೀರಿನ ಜಗಳ ಕೋರ್ಟಿಗೆ ಹೋಗುವುದು ಯಾರಿಗೂ ಬೇಡ. ಅದೇ ದಿನ ಒಂದು ಮಾತು ಹೇಳಿದರೆ ಮುಗಿಯಿತು. "ಸರ್, ಇವತ್ತು ಪ್ರಾಕ್ಟೀಸ್ ಮುಗಿಸಿ ಇಡುವಾಗ ಟ್ರಂಪೆಟ್ಟಿನ ಬೆಲ್ ಹತ್ತಿರ ಒಂದು ಗೀರು ಬಿದ್ದಿದೆ. ವಾಲ್ವ್ ಎಲ್ಲಾ ಸರಿಯಾಗಿವೆ. ಬರೀ ಒಣಬಟ್ಟೆಯಲ್ಲಿ ಒರೆಸಿದ್ದೀನಿ, ಏನೂ ಹಚ್ಚಿಲ್ಲ. ಫೋಟೊ ಕಳಿಸಿದ್ದೀನಿ, ನೋಡಿ. ರಿಪೇರಿ ಮಾಡಿಸೋದಾದ್ರೆ ಎಲ್ಲಿ ಅಂತ ಹೇಳಿ ಸರ್, ಖರ್ಚು ನಾನು ಕೊಡ್ತೀನಿ." ಇದರಲ್ಲಿ ಏನಾಯಿತು, ಏನು ಮಾಡಿದೆ, ಏನು ಮಾಡಿಲ್ಲ, ಮುಂದೇನು ಎಂಬ ನಾಲ್ಕೂ ಬಂದಿವೆ. ವಾದ್ಯ ಹಿಂತಿರುಗಿಸುವ ದಿನದವರೆಗೆ ಕಾದು ಇದನ್ನೇ ಹೇಳಿದರೆ, ಸಿಕ್ಕಿಬೀಳುವ ಭಯದಿಂದ ಹೇಳಿದಂತಾಗುತ್ತದೆ.

ಕೊಡುವವರ ಪಾಲು

ಹೊಣೆ ಒಂದೇ ಕಡೆಯದಲ್ಲ. ತಮಗೆ ಗೊತ್ತಿರುವ, ಬಳಕೆಗೆ ಅಡ್ಡಿಯಾಗುವ ದೋಷವನ್ನು ಕೊಡುವವರು ಮೊದಲೇ ತಿಳಿಸಬೇಕೆಂದು ಅದೇ ಕಾಯಿದೆಯ 150ನೇ ಸೆಕ್ಷನ್ ಹೇಳುತ್ತದೆ. ಶಾಲೆಗಳು, ಚರ್ಚ್ ತಂಡಗಳು ವಾದ್ಯ ಕೊಡುವಾಗ ಒಂದು ಪುಟದ ದಾಖಲೆ ಇಟ್ಟರೆ ಅರ್ಧ ಮನಸ್ತಾಪ ಅಲ್ಲೇ ತಪ್ಪುತ್ತದೆ. ವಾದ್ಯದ ಸೀರಿಯಲ್ ನಂಬರ್, ಆಗಲೇ ಇರುವ ಗೀರು, ನೆಗ್ಗುಗಳ ವಿವರ, ನಾಲ್ಕು ಫೋಟೊ, ಎರಡೂ ಕಡೆಯ ಸಹಿ, ಇಷ್ಟೇ. ಜೊತೆಗೆ ಒರೆಸುವ ಬಟ್ಟೆ, ವಾಲ್ವ್ ಎಣ್ಣೆ, ಮೌತ್‌ಪೀಸಿಗೊಂದು ಚೀಲ ಕೊಡಬೇಕು. ಉಂಗುರ, ಗಡಿಯಾರ, ಬಳೆ ತೆಗೆದು ಹಿಡಿಯಬೇಕು, ಕುರ್ಚಿಯ ಮೇಲೆ ಬಿಟ್ಟು ಏಳಬಾರದು, ಬೈಕಿನಲ್ಲಿ ಒಯ್ಯುವಾಗ ಪೆಟ್ಟಿಗೆಯಲ್ಲೇ ಇರಬೇಕು ಎಂಬುದನ್ನು ಮೊದಲ ದಿನವೇ ಹೇಳಿಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳಿಗೆ ಬಂದು ಹೇಳುವ ಧೈರ್ಯ ಇರಬೇಕು. ಗೀರಿಗೆ ಗದರಿಸುವ, ದಂಡ ಹಾಕುವ ಶಾಲೆಯಲ್ಲಿ ಮಕ್ಕಳು ಹೇಳುವುದನ್ನು ಬಿಟ್ಟು ಟೂತ್‌ಪೇಸ್ಟ್ ಹಿಡಿಯುತ್ತಾರೆ. ಗೀರಿನ ಜೊತೆಗೆ ಸಿಕ್ಕಿಕೊಂಡ ವಾಲ್ವನ್ನೂ ಮುಚ್ಚಿಡುತ್ತಾರೆ; ಒಂದು ಹನಿ ಎಣ್ಣೆಯಲ್ಲಿ ಸರಿಹೋಗಬಹುದಾಗಿದ್ದದ್ದು ಪರೇಡಿನ ಬೆಳಿಗ್ಗೆ ದೊಡ್ಡ ರಿಪೇರಿಯಾಗಿ ಎದುರು ನಿಲ್ಲುತ್ತದೆ. ಬಂದು ಹೇಳಿದ ಮಗುವಿಗೆ "ಹೇಳಿದ್ದು ಒಳ್ಳೇದಾಯ್ತು, ಬಾ ನೋಡೋಣ" ಎನ್ನುವ ಮೇಷ್ಟ್ರಿಗೆ ತಮ್ಮ ವಾದ್ಯಗಳ ನಿಜಸ್ಥಿತಿ ಯಾವಾಗಲೂ ಗೊತ್ತಿರುತ್ತದೆ.

ಟ್ರಂಪೆಟ್ಟನ್ನೋ ಯೂಫೋನಿಯಮ್ಮನ್ನೋ ಕೊಂಡು ಕಲಿಯುವ ಶಕ್ತಿ ನಮ್ಮ ಹೆಚ್ಚಿನ ಮನೆಗಳಿಗಿಲ್ಲ. ಆ ಮನೆಗಳ ಮಕ್ಕಳಿಗೆ ಈ ಸಂಗೀತ ಸಿಗುವುದು ಎರವಲಿನ ದಾರಿಯಿಂದಲೇ. ಒಬ್ಬರು ಗೀರು ಮುಚ್ಚಿಟ್ಟರೆ ಕಪಾಟಿಗೆ ಬೀಗ ಬೀಳುತ್ತದೆ, ಮುಂದಿನ ವರ್ಷ ಕೇಳಲು ಬಂದ ಮಗುವಿಗೆ ಇಲ್ಲವೆಂಬ ಉತ್ತರ ಸಿಗುತ್ತದೆ. ಒಬ್ಬರು ಅಂದೇ ಬಂದು ಹೇಳಿದರೆ, ಇಂಥವರ ಕೈಗೆ ಇನ್ನೊಮ್ಮೆ ಕೊಡಬಹುದೆಂಬ ಭರವಸೆ ಹುಟ್ಟುತ್ತದೆ. ಆದ್ದರಿಂದ ಗೀರು ಕಂಡ ದಿನವೇ ಒರೆಸಿ, ಫೋಟೊ ತೆಗೆದು, ಕೊಟ್ಟವರಿಗೆ ತಿಳಿಸಿ. ಆಮೇಲೆ ಆ ವಾದ್ಯವನ್ನು ಚೆನ್ನಾಗಿ ನುಡಿಸಿ. ಅವರು ಅದನ್ನು ಕೊಟ್ಟದ್ದೇ ಅದಕ್ಕಾಗಿ.